ನಿಮ್ಮ ಬೀದಿಯ ಹಳೇ ಮರಕ್ಕೊಂದು ಅಳತೆ ಪುಸ್ತಕ

ನಾನು ಟೈಲರ್. ಬೆಂಗಳೂರಿನ ಹನುಮಂತನಗರದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಮಷೀನ್ ಇಟ್ಟುಕೊಂಡು 31 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಅಳತೆ ತೆಗೆಯುವುದು, ತೆಗೆದದ್ದನ್ನು ಪುಸ್ತಕದಲ್ಲಿ ಬರೆದಿಡುವುದು ನನ್ನ ದಿನನಿತ್ಯದ ಕೆಲಸ. ಆ ಪುಸ್ತಕವನ್ನು ಹಿಂದುಮುಂದಾಗಿ ತಿರುಗಿಸಿ ಕೊನೆಯ ಪುಟದಿಂದ ತೆರೆದರೆ ಬೇರೆ ಅಳತೆಗಳು ಸಿಗುತ್ತವೆ. ಅವು ಮರಗಳದ್ದು. ಸದ್ಯಕ್ಕೆ 23 ಮರ.

ಶುರುವಾದದ್ದು 2014ರಲ್ಲಿ. ನಮ್ಮ ಕ್ರಾಸಿನ ಮೂಲೆಯಲ್ಲಿ ಒಂದು ನೇರಳೆ ಮರ ಇತ್ತು. ಜೂನ್ ಬಂತೆಂದರೆ ರಸ್ತೆಯೆಲ್ಲ ಹಣ್ಣು ಬಿದ್ದು ಕಪ್ಪು ಕಲೆ. ಮಕ್ಕಳ ಯೂನಿಫಾರ್ಮಿನ ಮೇಲೂ ಅದೇ ಕಲೆ. ಒಂದು ಬೆಳಿಗ್ಗೆ ಗರಗಸದ ಸದ್ದು ಕೇಳಿ ಹೊರಗೆ ಬಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಬುಡ ಮಾತ್ರ ಉಳಿದಿತ್ತು. ಸಂಜೆ ಬೀದಿಯವರೆಲ್ಲ ಸೇರಿ ದೂರು ಬರೆಯಲು ಕೂತೆವು. ಎಷ್ಟು ವರ್ಷದ ಮರ? ಯಾರಿಗೂ ಗೊತ್ತಿಲ್ಲ. ಎಷ್ಟು ದಪ್ಪ ಇತ್ತು? ಒಬ್ಬರು ಕೈ ಚಾಚಿ ಇಷ್ಟು ಅಂದರು, ಇನ್ನೊಬ್ಬರು ಅಲ್ಲ, ಇಷ್ಟು ಅಂದರು. ಫೋಟೋ? ಯಾರ ಹತ್ತಿರಾನೂ ಇಲ್ಲ. ಕೊನೆಗೆ ದೂರಿನಲ್ಲಿ ‘ಒಂದು ದೊಡ್ಡ ನೇರಳೆ ಮರ’ ಅಂತ ಮಾತ್ರ ಬರೆದೆವು. ವರ್ಷಗಟ್ಟಲೆ ಅದರ ಕೆಳಗೇ ಓಡಾಡಿದವರು ನಾವು. ಒಂದು ಬ್ಲೌಸಿಗೆ ಒಂಬತ್ತು ಅಳತೆ ಬರೆದಿಡುವ ನಾನು ಆ ಮರದ ಒಂದು ಅಳತೆಯನ್ನೂ ಬರೆದಿಟ್ಟಿರಲಿಲ್ಲ.

ಹಾಗಾಗಿ ಮೊದಲ ಮಾತು ಇದು. ಮರ ನಿಂತಿರುವಾಗಲೇ ಬರೆಯಬೇಕು. ಕಡಿಯುವ ಸುದ್ದಿ ಬಂದ ಮೇಲೆ ಓಡಾಡಿದರೆ ಆಗಲ್ಲ.

ಲೆಕ್ಕ ಇದ್ದ ಮರಕ್ಕೆ ಒಂದು ಬಲ ಇರುತ್ತೆ. ಸಾಲುಮರದ ತಿಮ್ಮಕ್ಕ ಹುಲಿಕಲ್‌ನಿಂದ ಕುದೂರಿನ ದಾರಿಯಲ್ಲಿ ಬೆಳೆಸಿದ ಆಲದ ಮರಗಳು ಎಷ್ಟು ಅಂದರೆ ಶಾಲೆ ಮಕ್ಕಳು ಕೂಡ 385 ಅನ್ನುತ್ತಾರೆ. 2016ರಲ್ಲಿ ಹೆಬ್ಬಾಳದ ಕಡೆ ಉಕ್ಕಿನ ಸೇತುವೆ ಕಟ್ಟುತ್ತೇವೆ ಅಂದಾಗ 812 ಮರ ಹೋಗುತ್ತವೆ ಅನ್ನುವ ಲೆಕ್ಕ ಹೊರಬಿತ್ತು. ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. ಮುಂದಿನ ವರ್ಷ ಮಾರ್ಚಿನಲ್ಲಿ ಆ ಯೋಜನೆ ಕೈಬಿಟ್ಟರು. ‘ತುಂಬಾ ಮರ’ ಅಂದಿದ್ದರೆ ಅಷ್ಟು ಜನ ಬರುತ್ತಿದ್ದರಾ?

ಬೇಕಾದ ಸಾಮಾನು

ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಪೆನ್ಸಿಲ್, ಯಾಕೆಂದರೆ ಮಳೆ ಹನಿ ಬಿದ್ದರೆ ಪೆನ್ನಿನ ಶಾಯಿ ಹರಡುತ್ತೆ. ಚಾಕ್‌ಪೀಸ್. ಫೋನ್. ಅಳತೆ ಟೇಪು, ಮತ್ತೆ ಒಂದು ಉದ್ದನೆಯ ದಾರ. ಟೈಲರ್ ಟೇಪು 60 ಇಂಚಿಗೆ ಮುಗಿದುಹೋಗುತ್ತೆ, ದೊಡ್ಡ ಮರಕ್ಕೆ ಅರ್ಧ ಸುತ್ತೂ ಬರಲ್ಲ. ನಾನು ಬಳಸುವುದು ಲಂಗದ ಲಾಡಿ. ಹತ್ತಿಯದ್ದು, ಚಪ್ಪಟೆ ಇರುತ್ತೆ, ಎಳೆದರೂ ಜಗ್ಗಲ್ಲ. ಉಲ್ಲನ್, ಎಲಾಸ್ಟಿಕ್ ಬೇಡವೇ ಬೇಡ. ಒಂದೊಂದು ಸಲ ಒಂದೊಂದು ಅಳತೆ ಬರುತ್ತೆ.

ಸುತ್ತಳತೆ

ಸೊಂಟಕ್ಕೂ ಸುತ್ತಳತೆ ಅಂತೀವಿ, ಮರಕ್ಕೂ ಅದೇ ಮಾತು. ಎಲ್ಲಿ ಅಳೆಯಬೇಕು ಅನ್ನುವುದೇ ಮುಖ್ಯ. ನೆಲದಿಂದ 4 ಅಡಿ 6 ಇಂಚು ಮೇಲೆ, ಅಂದರೆ 1.37 ಮೀಟರ್. ಅರಣ್ಯದವರು ಎದೆ ಎತ್ತರ ಅನ್ನುವುದು ಇದನ್ನೇ. ಅಷ್ಟು ಎತ್ತರಕ್ಕೆ ಚಾಕ್‌ನಿಂದ ಸಣ್ಣ ಗೆರೆ ಎಳೆಯಿರಿ. ಗೆರೆಯ ಮೇಲೆ ಲಾಡಿಯ ತುದಿ ಇಟ್ಟು ಒಬ್ಬರು ಹಿಡಿದುಕೊಳ್ಳಲಿ, ಇನ್ನೊಬ್ಬರು ಸುತ್ತು ಬರಲಿ. ಲಾಡಿ ಎಲ್ಲೂ ಕೆಳಗೆ ಜಾರಬಾರದು. ಹಿಂದುಗಡೆ ಒಂದು ಇಂಚು ಜಾರಿದರೂ ಅಳತೆ ತಪ್ಪುತ್ತೆ, ಅದು ಮುಂದೆ ನಿಂತವರಿಗೆ ಕಾಣಲ್ಲ. ಅದಕ್ಕೇ ನಾನು ಇಬ್ಬರಿಲ್ಲದೆ ಅಳೆಯಲ್ಲ. ತುದಿ ಕೂಡಿದ ಕಡೆ ಚಿವುಟಿ ಹಿಡಿದು, ಲಾಡಿಯನ್ನು ನೆಲದ ಮೇಲೆ ನೆಟ್ಟಗೆ ಹಾಸಿ ಟೇಪಿನಿಂದ ಅಳೆಯಿರಿ. ಎರಡು ಸಲ ಅಳೆಯಿರಿ. ಎರಡೂ ಒಂದೇ ಬಂದರೆ ಬರೆಯಿರಿ.

ಇಳಿಜಾರಿನಲ್ಲಿರುವ ಮರವಾದರೆ ಎತ್ತರದ ಕಡೆಯ ನೆಲದಿಂದ 4 ಅಡಿ 6 ಇಂಚು ಲೆಕ್ಕ ಹಾಕಿ. ಅಷ್ಟರೊಳಗೇ ಮರ ಎರಡಾಗಿ ಕವಲೊಡೆದಿದ್ದರೆ ಎರಡನ್ನೂ ಬೇರೆ ಬೇರೆ ಅಳೆದು ಹಾಗಂತ ಬರೆಯಿರಿ. ಅದೇ ಜಾಗದಲ್ಲಿ ಗಂಟು ಇದ್ದರೆ ಸ್ವಲ್ಪ ಮೇಲೆ ಹೋಗಿ, ಎಷ್ಟು ಮೇಲೆ ಅನ್ನುವುದನ್ನೂ ಸೇರಿಸಿ. ಮುಂದಿನ ವರ್ಷ ಅಳೆಯುವವರು ಅದೇ ಜಾಗದಲ್ಲೇ ಅಳೆಯಬೇಕಲ್ವಾ.

ಆಲದ ಮರದ ವಿಷಯ ಬೇರೆ. ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ ಅನ್ನುತ್ತಾರೆ, ಮೂರು ಎಕರೆ ಹರಡಿದೆ. ಅದರ ಮೂಲ ಬುಡ ರೋಗ ಬಂದು 2000ದ ಹೊತ್ತಿಗೇ ಹೋಯಿತು. ಆದರೂ ಮರ ನಿಂತಿದೆ, ಬಿಳಲುಗಳ ಮೇಲೆ. ಹಾಗಾಗಿ ಆಲಕ್ಕೆ ದೊಡ್ಡ ಕಾಂಡದ ಸುತ್ತಳತೆ ಬರೆದು, ನೆಲ ಮುಟ್ಟಿದ ಬಿಳಲುಗಳನ್ನು ಎಣಿಸಿ ಬೇರೆ ಬರೆಯಿರಿ. ಇನ್ನೂ ಗಾಳಿಯಲ್ಲಿ ತೂಗುತ್ತಿರುವ ಬಿಳಲನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಳೆಯುವಾಗ ತೊಗಟೆಯ ಮೇಲೆ ಕೈ ಆಡಿಸಿ ನೋಡಿ. ನಮ್ಮ ಕಂಬದ ಪಕ್ಕದ ಹೊಂಗೆಯಲ್ಲಿ ಲಾಡಿ ಒಂದು ಕಡೆ ಗಂಟಿನ ಮೇಲೆ ಹತ್ತಿ ನಿಲ್ಲುತ್ತಿತ್ತು. ಬೆರಳಿಟ್ಟು ನೋಡಿದರೆ ಒಳಗೆ ಕಬ್ಬಿಣದ ತಂತಿ. ಯಾವಾಗಲೋ ಯಾರೋ ಬೋರ್ಡು ಕಟ್ಟಲು ಸುತ್ತಿದ್ದು. ಬೋರ್ಡು ಹೋಗಿದೆ, ತಂತಿ ಉಳಿದಿದೆ. ಮರ ಬೆಳೆಯುತ್ತಾ ತಂತಿಯ ಮೇಲೆ ಕೆಳಗೆ ಎರಡು ತುಟಿಯ ಹಾಗೆ ಉಬ್ಬಿ ಅದನ್ನು ಮುಚ್ಚಿಕೊಳ್ಳುತ್ತಿದೆ. ಒಂದು ಕಡೆ ಮಾತ್ರ ಎರಡು ಇಂಚು ತುಕ್ಕು ತಂತಿ ಹೊರಗೆ ಕಾಣುತ್ತೆ. ಬಿಗಿ ಬ್ಲೌಸು ತೋಳಿನಲ್ಲಿ ಗುರುತು ಬಿಡುತ್ತದಲ್ಲ, ಥೇಟ್ ಹಾಗೆ. ತೊಗಟೆಯ ಒಳಪದರದಲ್ಲೇ ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು. ಅಲ್ಲಿ ಸುತ್ತ ಬಿಗಿದರೆ ಬೇರು ಉಪವಾಸ ಬೀಳುತ್ತೆ. ತೊಗಟೆ ಆಗಲೇ ನುಂಗಿಬಿಟ್ಟ ತಂತಿಯನ್ನು ಕೀಳಲು ಹೋಗಬೇಡಿ, ಗಾಯ ಜಾಸ್ತಿಯಾಗುತ್ತೆ. ಮೇಲೆಯೇ ಇರುವ ಹೊಸ ತಂತಿ, ಮೊಳೆ, ಸೀರಿಯಲ್ ಲೈಟಿನ ವೈರು ಕಂಡರೆ ಬಿಡಿಸಿ. ಕರೆಂಟು ಹರಿಯುವ ವೈರಿಗೆ ಮಾತ್ರ ನೀವು ಕೈ ಹಾಕಬಾರದು.

ಎತ್ತರ

ಮೀಟರ್ ಕಡ್ಡಿ ಸಾಕು. ಬಿಸಿಲಲ್ಲಿ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಅದರ ನೆರಳು ಅಳೆಯಿರಿ. ತಕ್ಷಣ ಮರದ ನೆರಳನ್ನೂ ಬುಡದಿಂದ ತುದಿವರೆಗೆ ಅಳೆಯಿರಿ. ಕಡ್ಡಿಯ ನೆರಳು 60 ಸೆಂಟಿಮೀಟರ್, ಮರದ ನೆರಳು 9 ಮೀಟರ್ ಅಂತಿಟ್ಟುಕೊಳ್ಳಿ. 9ನ್ನು 0.6ರಿಂದ ಭಾಗಿಸಿದರೆ 15 ಮೀಟರ್. ಮನೆಗಳು ಒತ್ತೊತ್ತಾಗಿ ನೆರಳು ಗೋಡೆ ಹತ್ತುವ ಕಡೆ ಈ ಲೆಕ್ಕ ಕೂಡಲ್ಲ, ಆಗ ಎತ್ತರ ಬಿಟ್ಟುಬಿಡಿ. ಸುತ್ತಳತೆ ಇದ್ದರೆ ಎತ್ತರ ಇಲ್ಲದಿದ್ದರೂ ನಡೆಯುತ್ತೆ.

ಯಾವ ಕಾಲದ ಮರ?

ಎಲ್ಲರೂ ಕೇಳುವುದು ವಯಸ್ಸು. ಕಾಂಡದಲ್ಲಿ ಉಂಗುರ ಎಣಿಸಬಹುದಲ್ವಾ ಅನ್ನುತ್ತಾರೆ. ಚಳಿಗಾಲದಲ್ಲಿ ಬೆಳವಣಿಗೆ ಪೂರ್ತಿ ನಿಲ್ಲುವ ದೇಶಗಳಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಬೀಳುತ್ತೆ. ನಮ್ಮ ಕಡೆ ತೇಗದಂಥ ಕೆಲವು ಮರ ಬಿಟ್ಟರೆ ಹೆಚ್ಚಿನವುಗಳಲ್ಲಿ ಆ ಲೆಕ್ಕ ನಂಬಲಾಗಲ್ಲ. ಅದಕ್ಕಾಗಿ ಕಾಂಡ ಕೊರೆಯುವುದೂ ಬೇಡ. ದಪ್ಪ ಇದೆ ಅಂದ ಮಾತ್ರಕ್ಕೆ ಹಳೇದು ಅಂತಲೂ ಅಲ್ಲ. ಮಳೆಮರ ಬೇಗ ದಪ್ಪವಾಗುತ್ತೆ, ಹುಣಸೆ ನಿಧಾನ. ಒಂದೇ ಸುತ್ತಳತೆಯ ಹುಣಸೆ ಮಳೆಮರಕ್ಕಿಂತ ಎಷ್ಟೋ ಹಿರಿಯದು.

ಹಾಗಾಗಿ ನಾನು ವರ್ಷ ಹುಡುಕಲ್ಲ, ಕಾಲ ಹುಡುಕುತ್ತೇನೆ. ಬೆಂಗಳೂರಿನ ಮರಗಳು ಪದರ ಪದರವಾಗಿ ಬಂದಿವೆ. ಒಂದು ಮರ ಯಾವ ಪದರದ್ದು ಅಂತ ಗೊತ್ತಾದರೆ ಅರ್ಧ ಚರಿತ್ರೆ ಸಿಕ್ಕಂತೆ.

ಎಲ್ಲಕ್ಕಿಂತ ಕೆಳಗಿನ ಪದರ ಹಳ್ಳಿಯದ್ದು. ಇವತ್ತಿನ ಬಡಾವಣೆಗಳೆಲ್ಲ ಒಂದು ಕಾಲಕ್ಕೆ ಹಳ್ಳಿಗಳು. ಊರಾಚೆ ಒಂದು ಗುಂಡುತೋಪು ಇರುತ್ತಿತ್ತು, ಮಾವು, ಹಲಸು, ನೇರಳೆ, ಹುಣಸೆ, ಹೊಂಗೆ. ಊರೊಳಗೆ ಅರಳಿ ಕಟ್ಟೆ. ಅರಳಿ ಮತ್ತು ಬೇವು ಒಟ್ಟಿಗೆ ಬೆಳೆದಿದ್ದರೆ, ಬುಡದಲ್ಲಿ ನಾಗರಕಲ್ಲು ಇದ್ದರೆ, ಅದು ರಸ್ತೆ ಮಾಡಿದವರು ನೆಟ್ಟದ್ದಲ್ಲ. ಜೋಡಿ ನೆಟ್ಟು ಮದುವೆ ಮಾಡಿಸಿದ ಹಳ್ಳಿಯವರದ್ದು. ಕಟ್ಟೆಯ ಚಪ್ಪಡಿಗಳನ್ನು ತೊಳೆದು ನೋಡಿ, ಕಟ್ಟಿಸಿದ ವರ್ಷ ಕೆತ್ತಿರುವುದುಂಟು. ಬಡಾವಣೆಯ ಹೆಸರನ್ನೂ ಕೇಳಿಸಿಕೊಳ್ಳಿ. ಮಾವಳ್ಳಿಯಲ್ಲಿ ಮಾವು ಇದೆ, ಅತ್ತಿಗುಪ್ಪೆಯಲ್ಲಿ ಅತ್ತಿ, ಮತ್ತಿಕೆರೆಯಲ್ಲಿ ಮತ್ತಿ, ಹೊಂಗಸಂದ್ರದಲ್ಲಿ ಹೊಂಗೆ, ಹುಣಸಮಾರನಹಳ್ಳಿಯಲ್ಲಿ ಹುಣಸೆ. ಆ ಹೆಸರಿನ ಮರ ಅಲ್ಲಿ ಒಂದಾದರೂ ಉಳಿದಿದೆಯಾ ಅಂತ ಹುಡುಕಿ. ಸಿಕ್ಕರೆ ನಿಮ್ಮ ಪುಸ್ತಕದ ಮೊದಲ ಪುಟ ಅದಕ್ಕೇ.

ಮೇಲಿನ ಪದರ ತೋಟದವರದ್ದು. ಲಾಲ್‌ಬಾಗ್ ಶುರು ಮಾಡಿದ್ದು ಹೈದರಾಲಿ, 1760ರಲ್ಲಿ. ಕಬ್ಬನ್ ಪಾರ್ಕ್ ಆದದ್ದು 1870ರಲ್ಲಿ. 1898ರ ಪ್ಲೇಗ್ ಆದ ಮೇಲೆ ಬಸವನಗುಡಿ, ಮಲ್ಲೇಶ್ವರಗಳಿಗೆ ಜನ ಬಂದು ನೆಲೆಸಿದರು. ಮಲ್ಲೇಶ್ವರದಲ್ಲಿ ಒಂದು ರಸ್ತೆಗೆ ಸಂಪಿಗೆ, ಇನ್ನೊಂದಕ್ಕೆ ಮಾರ್ಗೋಸಾ, ಅಂದರೆ ಬೇವಿನ ಹೆಸರು. 1908ರಲ್ಲಿ ಕ್ರುಂಬಿಗಲ್ ಅನ್ನುವ ಜರ್ಮನ್ ತೋಟಗಾರರು ಲಾಲ್‌ಬಾಗ್ ನೋಡಿಕೊಳ್ಳಲು ಬಂದರು. ವರ್ಷದ ಯಾವ ತಿಂಗಳಲ್ಲೂ ಊರಿನಲ್ಲಿ ಎಲ್ಲೋ ಒಂದು ಕಡೆ ಹೂ ಇರಬೇಕು, ಒಂದು ಜಾತಿ ಮುಗಿದರೆ ಇನ್ನೊಂದು ಶುರುವಾಗಬೇಕು ಅನ್ನುವ ಯೋಚನೆ ಅವರದ್ದು. ಮಡಗಾಸ್ಕರ್‌ನ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂದಾ ನಮ್ಮ ಬೀದಿಯ ಮರಗಳಾದದ್ದು ಇಂಥವರ ಕೈಯಿಂದ. ಕ್ರುಂಬಿಗಲ್ 1956ರಲ್ಲಿ ತೀರಿಕೊಂಡರು, ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಊರಿಗೆ ಇಷ್ಟು ಬಣ್ಣ ಕೊಟ್ಟು ಇಲ್ಲೇ ಮಣ್ಣಾದವರು. ಫೆಬ್ರವರಿಯಲ್ಲಿ ತಬೂಬಿಯಾ ನೋಡಿ ಫೋಟೋ ತೆಗೆಯುವ ಎಲ್ಲರಿಗೂ ಅವರ ಹೆಸರು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಮೂರನೆಯದು 1980ರ ದಶಕದ್ದು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಮುಂದೆ ನಿಂತು ಊರಿನ ಉದ್ದಗಲಕ್ಕೂ ಸುಮಾರು 15 ಲಕ್ಷ ಗಿಡ ನೆಡಿಸಿದರು. ಬಡಾವಣೆಯ ರಸ್ತೆಯಲ್ಲಿ ಸಮ ಅಂತರಕ್ಕೆ, ಮನೆ ಮನೆಯ ಮುಂದೆ ಸಾಲಾಗಿ ನಿಂತಿರುವ, ಹೆಚ್ಚು ಕಡಿಮೆ ಒಂದೇ ದಪ್ಪದ ಮರಗಳನ್ನು ಕಂಡರೆ ಅದು ಈ ಪದರದ್ದಿರಬಹುದು.

ಪದರ ಗುರುತಿಸಿದ ಮೇಲೆ ಹಿರಿಯರನ್ನು ಕೇಳಿ. ‘ಈ ಮರಕ್ಕೆ ಎಷ್ಟು ವರ್ಷ’ ಅಂತ ಕೇಳಬೇಡಿ. ‘ನೂರು ವರ್ಷ’ ಅಂದುಬಿಡುತ್ತಾರೆ. ಅವರ ಬದುಕಿನ ಯಾವುದಾದರೂ ಒಂದು ದಿನ ಹಿಡಿದು ಕೇಳಿ. ನಾನು ಎದುರು ಮನೆಯ ಅಜ್ಜಿಯನ್ನು ಕೇಳಿದ್ದು ಹೀಗೆ.

“ಅಜ್ಜಿ, ನೀವು ಮದುವೆಯಾಗಿ ಈ ಮನೆಗೆ ಬಂದ ದಿನ ಅರಳಿ ಮರ ಹೇಗಿತ್ತು?”

“ಅಯ್ಯೋ, 62ನೇ ಇಸವಿ ಕಣೇ. ಜಟಕಾದಲ್ಲಿ ಬಂದ್ವಿ. ಕುದುರೇನ ಅದಕ್ಕೇ ಕಟ್ಟಿದ್ರು. ಹಗ್ಗ ಒಂದು ಸುತ್ತು ಬಂದು ಗಂಟು ಹಾಕೋಕೆ ಸಾಲದೆ ಇನ್ನೊಂದು ಹಗ್ಗ ತಂದ್ರು ನಿಮ್ಮ ತಾತ.”

ಅಂದರೆ 1962ಕ್ಕೇ ಅದು ಚೆನ್ನಾಗಿ ದಪ್ಪಗಿತ್ತು. ಅಜ್ಜಿಯ ಮದುವೆ ಆಲ್ಬಮ್ ತೆಗೆಸಿದೆ. ಮನೆ ಮುಂದೆ ತೆಗೆದ ಒಂದು ಫೋಟೋದಲ್ಲಿ ಜನರ ಹಿಂದೆ ಕಾಂಡ ಅರ್ಧ ಕಾಣುತ್ತೆ, ಪಕ್ಕದಲ್ಲೇ ಕಾಂಪೌಂಡಿನ ಕಲ್ಲು ಕಂಬ. ಆ ಕಂಬ ಈಗಲೂ ಇದೆ. ಕಂಬದ ಅಗಲ ಅಳೆದು ಫೋಟೋಗೆ ಹೋಲಿಸಿದರೆ ಆಗಿನ ದಪ್ಪ ಅಂದಾಜು ಸಿಗುತ್ತೆ. ಮದುವೆ ಫೋಟೋ, ಗೃಹಪ್ರವೇಶದ ಫೋಟೋ, ಹೊಸ ಸ್ಕೂಟರ್ ಮುಂದೆ ನಿಂತ ಫೋಟೋ, ಎಲ್ಲ ನೋಡಿ. ಮರವನ್ನು ಯಾರೂ ಬೇಕಂತ ತೆಗೆದಿರಲ್ಲ, ಆದರೆ ಅದು ಹಿಂದೆ ಎಲ್ಲೋ ಇರುತ್ತೆ.

ಮರದ ಕೆಳಗೆ, ಮರದ ಮೇಲೆ

ಕಾಂಡ ಮುಗಿದ ಮೇಲೆ ಒಂದು ಬೆಳಿಗ್ಗೆ, ಒಂದು ಸಂಜೆ ಸುಮ್ನೆ ಮರದ ಹತ್ತಿರ ಕೂತು ನೋಡಿ. ಕೆಳಗೆ ಯಾರಿದ್ದಾರೆ? ನಮ್ಮ ಅರಳಿ ಕೆಳಗೆ ಹೂವಿನ ಅಕ್ಕ ಬೆಳಿಗ್ಗೆ ಆರಕ್ಕೆ, ಚಪ್ಪಲಿ ಹೊಲಿಯುವ ಅಣ್ಣ ಹತ್ತಕ್ಕೆ, ಮಧ್ಯಾಹ್ನ ಆಟೋದವರು. ಬರೆದುಕೊಳ್ಳಿ. ಆ ನೆರಳು ಹೋದರೆ ಇವರ ಅಂಗಡಿಯೂ ಹೋಗುತ್ತೆ.

ನೆರಳಿನ ಬೆಲೆಗೆ ಲೆಕ್ಕವೂ ಇದೆ. ಬೆಂಗಳೂರಿನ ರಸ್ತೆಗಳಲ್ಲೇ ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಅಳೆದು 2013ರಲ್ಲಿ ಪ್ರಕಟಿಸಿದ್ದು ಇದು. ಮರ ಇರುವ ಕಡೆ ಮಧ್ಯಾಹ್ನದ ಗಾಳಿ, ಮರ ಇಲ್ಲದ ಕಡೆಗಿಂತ 5.6 ಡಿಗ್ರಿವರೆಗೆ ತಂಪು. ರಸ್ತೆಯ ಮೇಲ್ಮೈ 27.5 ಡಿಗ್ರಿವರೆಗೆ ತಂಪು. ಬರಿಗಾಲಲ್ಲಿ ಎರಡೂ ಕಡೆ ನಿಂತು ನೋಡಿದವರಿಗೆ ಈ ಅಂಕಿ ಆಶ್ಚರ್ಯ ಅನ್ನಿಸಲ್ಲ.

ಮೇಲೆ ಯಾರಿದ್ದಾರೆ ಅನ್ನುವುದಕ್ಕೆ ಹಣ್ಣಿನ ಕಾಲ ಕಾಯಬೇಕು. ಆಲ, ಅರಳಿ, ಅತ್ತಿ, ಬಸರಿ ಹಣ್ಣಾದಾಗ ಕುಟ್ರುಹಕ್ಕಿ, ಕೋಗಿಲೆ, ಗೊರವಂಕ, ರಾತ್ರಿ ಬಾವಲಿ. ಈ ಮರಗಳು ಬೇರೆ ಬೇರೆ ತಿಂಗಳಲ್ಲಿ ಹಣ್ಣು ಬಿಡುತ್ತವೆ, ಹಾಗಾಗಿ ಬೇರೇನೂ ಸಿಗದಿದ್ದಾಗಲೂ ಹಕ್ಕಿಗೆ ಊಟ ಇರುತ್ತೆ. ಕೊಂಬೆ ಕೊಂಬೆ ತಾಗಿಕೊಂಡಿರುವ ಸಾಲು ಇದ್ದರೆ ಅದನ್ನೂ ಬರೆಯಿರಿ. ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕಾಡುಪಾಪ ಅನ್ನುವ ದೊಡ್ಡ ಕಣ್ಣಿನ ಪುಟ್ಟ ಪ್ರಾಣಿ ಇನ್ನೂ ಉಳಿದಿರುವುದು ನೆಲಕ್ಕೆ ಇಳಿಯದೆ ಮರದಿಂದ ಮರಕ್ಕೆ ಹೋಗುವ ದಾರಿ ಅಲ್ಲಿ ಇನ್ನೂ ಇರುವುದರಿಂದ.

ಆರೋಗ್ಯದ ಬಗ್ಗೆ ಎರಡು ಸಾಲು ಸಾಕು. ಬುಡದಲ್ಲಿ ಗಟ್ಟಿ ಅಣಬೆ ಎದ್ದಿದೆಯಾ, ಮಣ್ಣು ಬಿರುಕು ಬಿಟ್ಟು ಮರ ಒಂದು ಕಡೆಗೆ ವಾಲಿದೆಯಾ, ಸಿಮೆಂಟು ಕಾಂಡಕ್ಕೆ ತಾಗಿಸಿ ಹಾಕಿದ್ದಾರಾ. ಪೊಟರೆ ಇದೆ ಅಂದ ಮಾತ್ರಕ್ಕೆ ಮರ ಸಾಯುತ್ತಿದೆ ಅಂತ ಬರೆಯಬೇಡಿ. ಒಳಗಿನ ಹಳೇ ಕಟ್ಟಿಗೆ ಹೋದರೂ ಹೊರಗಿನ ಪದರ ಜೀವಂತ ಇರುತ್ತೆ, ಆ ಪೊಟರೆಯಲ್ಲೇ ಗಿಳಿ ಮರಿ ಮಾಡುತ್ತೆ. ನೀವು ಬರೆದ ‘ಟೊಳ್ಳು’ ಅನ್ನುವ ಒಂದು ಪದವೇ ಕಡಿಯಲು ನೆಪ ಆಗಬಾರದು.

ಕಾಗದ ಎಲ್ಲಿಗೆ ಹೋಗಬೇಕು

ಪುಸ್ತಕ ಮನೆಯ ಬೀರುವಿನಲ್ಲಿ ಇದ್ದರೆ ಪ್ರಯೋಜನ ಇಲ್ಲ. ಕರ್ನಾಟಕದಲ್ಲಿ 1976ರ ಮರಗಳ ಸಂರಕ್ಷಣಾ ಕಾಯ್ದೆ ಇದೆ. ನಗರದಲ್ಲಿ ಮರ ಕಡಿಯಲು ಟ್ರೀ ಆಫೀಸರ್ ಅನುಮತಿ ಬೇಕು, ನಿಮ್ಮ ಸ್ವಂತ ಕಾಂಪೌಂಡಿನ ಮರಕ್ಕೂ. ತೆಂಗು, ಸರ್ವೆ, ಸಿಲ್ವರ್ ಓಕ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. 50ಕ್ಕಿಂತ ಜಾಸ್ತಿ ಮರ ಕಡಿಯಬೇಕಿದ್ದರೆ ಸಾರ್ವಜನಿಕ ನೋಟಿಸ್ ಕೊಟ್ಟು ಜನರ ಆಕ್ಷೇಪಣೆ ಕೇಳಬೇಕು. ಆಕ್ಷೇಪಣೆ ಬರೆಯುವ ದಿನ ನಿಮ್ಮ ಪುಟದ ನಕಲು ಸೇರಿಸಿ. ಜಾತಿ, ಸುತ್ತಳತೆ, ಜಾಗ, ದಿನಾಂಕ ಇರುವ ಫೋಟೋ, ಅಜ್ಜಿಯ ಮಾತು. ಅರ್ಜಿ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ಇನ್ನೊಂದು ದಾರಿ ಜೀವವೈವಿಧ್ಯ ಸಮಿತಿ. 2002ರ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಇಂಥ ಸಮಿತಿ ಇರಬೇಕು, ಅದು ಜನರ ಜೊತೆ ಸೇರಿ ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲೆ ಮಾಡಬೇಕು. ನಿಮ್ಮ ಪಟ್ಟಿ ಅಲ್ಲಿಗೂ ಕೊಡಿ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಇಡೀ ದೇಶದಲ್ಲೇ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆಯಿತು. 54 ಎಕರೆ, ಸುಮಾರು 300 ಮರ. ಒಂದು ಸಲ ಬಸ್ಸು ಹತ್ತಿ ಹೋಗಿ ನೋಡಿ ಬನ್ನಿ. ಬುಡ ಸೀಳಿ, ತಿರುಚಿಕೊಂಡು, ಒಳಗೆಲ್ಲ ಖಾಲಿಯಾಗಿ, ಆದರೂ ತುದಿಯಲ್ಲಿ ಹಸಿರು ಚಿಗುರು. ಹಳೇ ಮರ ಅಂದರೆ ಹೇಗಿರುತ್ತೆ ಅಂತ ಕಣ್ಣಿಗೆ ರೂಢಿಯಾಗುತ್ತೆ.

ಒಂದು ಪ್ರತಿ ಹತ್ತಿರದ ಸರ್ಕಾರಿ ಶಾಲೆಗೂ ಕೊಡಿ. ನಾನು ಕೊಟ್ಟ ಮೇಲೆ ಏಳನೇ ಕ್ಲಾಸಿನ ಮಕ್ಕಳು ಅಳೆಯಲು ಬರುತ್ತಿದ್ದಾರೆ. ಲಾಡಿಯ ಹಿಂದಿನ ತುದಿ ಹಿಡಿಯಲು ಈಗ ನನಗೆ ಜನ ಕಮ್ಮಿ ಇಲ್ಲ.

ಒಂದು ಪುಟ ಹೇಗಿರಬೇಕು ಅಂತ ಕೇಳುವವರಿಗೆ ನನ್ನ ಪುಸ್ತಕದಿಂದ ಹಾಗೇ ಇಳಿಸಿದ್ದೇನೆ.

ಮರ 1. ಅರಳಿ, ಜೊತೆಗೆ ಬೇವು. ಕ್ರಾಸಿನ ಪಶ್ಚಿಮ ತುದಿ, ಕಲ್ಲು ಕಂಬದಿಂದ 7 ಅಡಿ. ಕಟ್ಟೆ ಇದೆ, ನಾಗರಕಲ್ಲು ಮೂರು. ಕಟ್ಟೆಯ ಮೇಲಿನ ಮಣ್ಣಿನಿಂದ 4 ಅಡಿ 6 ಇಂಚಿಗೆ ಅಳತೆ. 2016 ಜನವರಿ: 11 ಅಡಿ 4 ಇಂಚು. 2019 ಜನವರಿ: 11 ಅಡಿ 6 ಇಂಚು. 2024 ಜನವರಿ: 11 ಅಡಿ 9 ಇಂಚು. 1962ರಲ್ಲಿ ಕುದುರೆ ಕಟ್ಟಿದ್ದರು, ಹೇಳಿದವರು ಎದುರು ಮನೆ ಅಜ್ಜಿ. ಉತ್ತರದ ದೊಡ್ಡ ಕೊಂಬೆ 2021ರ ಮಳೆಗೆ ಮುರಿಯಿತು, ಗಾಯದ ಸುತ್ತ ತೊಗಟೆ ಕೂಡುತ್ತಿದೆ. ಕುಟ್ರುಹಕ್ಕಿ ಗೂಡು ಎರಡು. ಹೂವಿನ ಅಕ್ಕ, ಚಪ್ಪಲಿ ಅಣ್ಣ.

ಪ್ರತಿ ವರ್ಷ ಅದೇ ತಿಂಗಳಲ್ಲಿ ಅಳೆಯಿರಿ. ಮಳೆಗಾಲ ಮುಗಿದು ತೊಗಟೆ ಒಣಗಿರುವ ಜನವರಿ ಒಳ್ಳೆಯದು. ಅಳತೆ ಬದಲಾಗದಿದ್ದರೆ ‘ಬದಲಾಗಿಲ್ಲ’ ಅಂತ ದಿನಾಂಕ ಹಾಕಿ ಬರೆಯಿರಿ. ಚಾಕ್ ಗೆರೆ ಮಳೆಗೆ ಅಳಿಸಿಹೋಗಿರುತ್ತೆ, ಹೋಗಲಿ. ಟೇಪು ಹಿಡಿದು ನೆಲದಿಂದ ಮತ್ತೆ 4 ಅಡಿ 6 ಇಂಚು ಎಣಿಸಿದರಾಯಿತು.